ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ

ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಹಣ ಕೊಡುವವರು ಒಬ್ಬರು, ಚಿಕಿತ್ಸೆಗೆ ಒಳಗಾಗುವವರು ಇನ್ನೊಬ್ಬರು. ಬೇರೆ ಕಾಯಿಲೆಗಳಲ್ಲಿಯೂ ಮನೆಯವರು ಖರ್ಚು ಭರಿಸುವುದುಂಟು, ಆದರೆ ಅಲ್ಲಿ ರೋಗಿಗೂ ಮನೆಯವರಿಗೂ ಬೇಕಾದದ್ದು ಒಂದೇ ಆಗಿರುತ್ತದೆ. ಮದ್ಯ, ಗಾಂಜಾ, ಹೆರಾಯಿನ್ ಅಥವಾ ನಿದ್ರೆಮಾತ್ರೆಗಳ ಅವಲಂಬನೆಯಲ್ಲಿ ಹಾಗಿರುವುದಿಲ್ಲ. ವರ್ಷಗಟ್ಟಲೆ ಜಗಳ, ಸಾಲ, ಹೊಡೆತ, ಅವಮಾನಗಳನ್ನು ಸಹಿಸಿ ಬಸವಳಿದ ಹೆಂಡತಿಗೋ ತಾಯಿಗೋ ಮೊದಲು ಬೇಕಾಗಿರುವುದು ಕೆಲವು ತಿಂಗಳ ನೆಮ್ಮದಿ. ರೋಗಿಗೆ ಬೇಕಾಗಿರುವುದು ನಡುಕ ನಿಲ್ಲಿಸುವ ಔಷಧ, ತನ್ನನ್ನು ಮನುಷ್ಯನಂತೆ ಕಾಣುವ ಜನ ಮತ್ತು ಹೊರಬಂದ ಮೇಲೆ ಹಿಡಿದು ನಿಲ್ಲಲು ಒಂದು ಆಸರೆ. ಲಾಭದ ಲೆಕ್ಕಾಚಾರ ಪ್ರವೇಶಿಸುವುದು ಈ ಎರಡು ಬೇಡಿಕೆಗಳ ನಡುವಿನ ಅಂತರದಲ್ಲಿಯೇ. ಮನೆಯವರ ದಣಿವು ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ದಣಿವನ್ನೇ ಬಂಡವಾಳ ಮಾಡಿಕೊಂಡು, ರೋಗಿಯನ್ನು ಕಣ್ಣಮುಂದಿನಿಂದ ದೂರ ಇಡುವುದನ್ನೇ ಚಿಕಿತ್ಸೆಯೆಂದು ಮಾರುವ ಕೇಂದ್ರಗಳನ್ನು ಗುರುತಿಸುವುದು ಹೇಗೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಚಿಕಿತ್ಸೆಯ ಕೊರತೆಯೇ ಈ ಮಾರುಕಟ್ಟೆಯನ್ನು ಬೆಳೆಸಿದೆ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ಅವಲಂಬನೆ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದಿಂದಾದ ತೊಂದರೆಗಳಿಗೆ ನೆರವು ಬೇಕಾಗಿದೆ. ಮದ್ಯಾವಲಂಬಿಗಳಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಮಂದಿಗೆ ಒಬ್ಬರು. ಮದ್ಯ ಮಾರಾಟದ ಅಬಕಾರಿ ಸುಂಕದಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಗಳಿಸುತ್ತಿರುವ ಕರ್ನಾಟಕ ಸರ್ಕಾರವು ಕುಡಿತದಿಂದ ಕಾಯಿಲೆ ಬಿದ್ದವರಿಗಾಗಿ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಸಾಕಷ್ಟು ಹಾಸಿಗೆಗಳನ್ನು ಇಡಬೇಕಾಗಿತ್ತು. ಅದು ಆಗದಿರುವುದರಿಂದ, ನಗರದ ಹೊರವಲಯದ ಬಾಡಿಗೆ ಮನೆಗಳಲ್ಲಿ, ತೋಟದ ಮನೆಗಳಲ್ಲಿ ತಲೆಯೆತ್ತಿದ ಖಾಸಗಿ ಕೇಂದ್ರಗಳು ಆ ಜಾಗವನ್ನು ತುಂಬಿವೆ. ಇವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಗೋಡೆಬರಹವನ್ನೋ ಮೊಬೈಲಿನ ಜಾಹೀರಾತನ್ನೋ ನೋಡಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲು ಸಾಧ್ಯವಿಲ್ಲ.

ಲಾಭದ ಆಸೆ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಹಣ ಎಲ್ಲಿಂದ ಬರುತ್ತದೆ ಎಂಬುದೇ ನಿರ್ಧರಿಸುತ್ತದೆ. ಅಮೆರಿಕದಲ್ಲಿ 2008ರ ಕಾಯ್ದೆಯೊಂದು ವ್ಯಸನ ಚಿಕಿತ್ಸೆಗೂ ಇತರ ಕಾಯಿಲೆಗಳಿಗೆ ಸಮನಾದ ವಿಮಾ ರಕ್ಷಣೆ ನೀಡುವಂತೆ ವಿಧಿಸಿತು. 2010ರ ಆರೋಗ್ಯ ಕಾಯ್ದೆ ಆ ರಕ್ಷಣೆಯನ್ನು ಇನ್ನಷ್ಟು ಜನರಿಗೆ ವಿಸ್ತರಿಸಿತು. ಇದರ ಬೆನ್ನಲ್ಲೇ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ದಲ್ಲಾಳಿಗಳು ವಿಮೆಯುಳ್ಳ ರೋಗಿಗಳನ್ನು ಕಮಿಷನ್ ಪಡೆದು ಕೇಂದ್ರಗಳಿಗೆ ತಂದು ಬಿಡುವ, ಮೂತ್ರಪರೀಕ್ಷೆಯನ್ನು ಮತ್ತೆಮತ್ತೆ ಮಾಡಿಸಿ ವಿಮಾ ಕಂಪನಿಗಳಿಂದ ಸಾವಿರಾರು ಡಾಲರ್ ವಸೂಲು ಮಾಡುವ, ರೋಗಿ ಮತ್ತೆ ವ್ಯಸನಕ್ಕೆ ಬಿದ್ದರೆ ಹೊಸ ದಾಖಲಾತಿಯಾಗಿ ಹೊಸ ಬಿಲ್ಲು ಹುಟ್ಟುವ ಒಂದು ಚಕ್ರವೇ ಬೆಳೆದು, 2016ರಲ್ಲಿ ಅಲ್ಲಿನ ಸರ್ಕಾರಿ ಅಭಿಯೋಜಕರು ವಿಶೇಷ ಕಾರ್ಯಪಡೆಯನ್ನು ರಚಿಸಬೇಕಾಯಿತು. ರೋಗಿಗಳನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೊಡುವುದನ್ನು 10 ವರ್ಷಗಳವರೆಗೆ ಜೈಲು ಶಿಕ್ಷೆಗೆ ಗುರಿಯಾಗಬಲ್ಲ ಅಪರಾಧವನ್ನಾಗಿಸಿದ ರಾಷ್ಟ್ರೀಯ ಕಾಯ್ದೆ 2018ರಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ ಸ್ಥಿತಿ ಬೇರೆ: ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು ಕಾಯ್ದೆ ಹೇಳಿದರೂ, ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಸಾಮಾನ್ಯವಾಗಿದ್ದು, ಖರ್ಚೆಲ್ಲ ಕುಟುಂಬದ ಜೇಬಿನಿಂದಲೇ ಹೋಗುತ್ತದೆ. ಹೀಗಾಗಿ ಇಲ್ಲಿನ ಲಾಭ ಅಷ್ಟಾಗಿ ಪರೀಕ್ಷೆಗಳ ಬಿಲ್ಲಿನಲ್ಲಿಲ್ಲ. ಅದು ದಿನಗಳ ಲೆಕ್ಕದಲ್ಲಿದೆ. ರೋಗಿ ಎಷ್ಟು ದಿನ ಒಳಗಿದ್ದರೆ ಅಷ್ಟು ಆದಾಯ ಎಂಬುದೇ ಮುಖ್ಯ ಸೂತ್ರವಾದಾಗ, ‘ಮೂರು ತಿಂಗಳ ಪ್ಯಾಕೇಜ್’, ‘ಆರು ತಿಂಗಳ ಕೋರ್ಸ್’ ಎಂಬ ಮಾತುಗಳು ಹುಟ್ಟಿಕೊಳ್ಳುತ್ತವೆ; ರೋಗಿಯ ಮುಖವನ್ನೇ ನೋಡದೆ, ಫೋನಿನಲ್ಲಿಯೇ ಅವಧಿಯೂ ಮೊತ್ತವೂ ನಿಗದಿಯಾಗಿಬಿಡುತ್ತವೆ.

ಮೊದಲ ವಾರದ ಪರೀಕ್ಷೆ

ಕೇಂದ್ರವೊಂದು ಚಿಕಿತ್ಸಾಲಯವೋ ಕೇವಲ ಕೂಡಿಹಾಕುವ ಜಾಗವೋ ಎಂಬುದು ಸೇರಿದ ಮೊದಲ ನಾಲ್ಕೈದು ದಿನಗಳಲ್ಲಿಯೇ ಬಯಲಾಗುತ್ತದೆ. ದೀರ್ಘಕಾಲ ದಿನವೂ ಕುಡಿಯುತ್ತಿದ್ದ ವ್ಯಕ್ತಿ ಹಠಾತ್ತನೆ ನಿಲ್ಲಿಸಿದಾಗ ಮಿದುಳಿನಲ್ಲಿ ಉಂಟಾಗುವ ಏರುಪೇರಿನಿಂದ ಕಾಣಿಸಿಕೊಳ್ಳುವ ನಡುಕ, ಬೆವರು, ವಾಂತಿ, ನಿದ್ರಾಹೀನತೆ ಮುಂತಾದವನ್ನು ಹಿಂತೆಗೆತದ ಲಕ್ಷಣಗಳು ಎನ್ನಲಾಗುತ್ತದೆ. ಹಲವರಲ್ಲಿ ಇವು ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ; ಆದರೆ ಕೆಲವರಿಗೆ ಕೊನೆಯ ಗುಟುಕಿನ ನಂತರದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಡಿಲಿರಿಯಂ ಟ್ರೆಮೆನ್ಸ್ ಎಂಬ, ಜನರು ಸನ್ನಿ ಎಂದು ಕರೆಯುವ ಸ್ಥಿತಿ ಉಂಟಾಗಬಹುದು. ಇಲ್ಲದ ಹುಳುಹುಪ್ಪಟೆಗಳು ಗೋಡೆಯ ಮೇಲೆ ಹರಿದಾಡಿದಂತೆ ಕಾಣುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಹೆದರಿ ಓಡುವುದು, ಜ್ವರ, ಏರಿದ ರಕ್ತದೊತ್ತಡ ಇವೆಲ್ಲ ಅದರ ಚಿಹ್ನೆಗಳಾಗಿದ್ದು, ಚಿಕಿತ್ಸೆ ಸಿಗದಿದ್ದರೆ ಸಾವು ಸಂಭವಿಸಬಹುದು. ವೈದ್ಯರಿಲ್ಲದ ಕೇಂದ್ರದಲ್ಲಿ ಇದೇ ಸನ್ನಿಯನ್ನು ‘ನಾಟಕ’ ಎಂದೋ ‘ಗಲಾಟೆ’ ಎಂದೋ ತಿಳಿದು ರೋಗಿಯನ್ನು ಕಟ್ಟಿಹಾಕುವ ಅಪಾಯವಿದೆ; ಅಂಥ ಕಡೆ ಸಂಭವಿಸುವ ಸಾವು ವ್ಯಸನದ ಲೆಕ್ಕಕ್ಕೆ ಸೇರುವುದಿಲ್ಲ, ನಿರ್ಲಕ್ಷ್ಯದ ಲೆಕ್ಕಕ್ಕೆ ಸೇರುತ್ತದೆ.

ಸರಿಯಾಗಿ ನಡೆಯುವ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಬಳಿ ಒಂದು ಪಟ್ಟಿ ಇರುತ್ತದೆ. ಕೆಲವೇ ಗಂಟೆಗಳಿಗೊಮ್ಮೆ ನರ್ಸ್ ಬಂದು ನಾಡಿ, ರಕ್ತದೊತ್ತಡ, ಉಷ್ಣಾಂಶಗಳನ್ನು ಅದರಲ್ಲಿ ಬರೆಯುತ್ತಾರೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಬೆರಳುಗಳ ನಡುಕವನ್ನು ನೋಡುತ್ತಾರೆ. ಇಂದು ಯಾವ ವಾರ, ಇದು ಯಾವ ಊರು ಎಂದು ಕೇಳಿ ರೋಗಿಯ ಅರಿವು ಸ್ಪಷ್ಟವಾಗಿದೆಯೇ ಎಂದು ಗಮನಿಸುತ್ತಾರೆ. ಈ ಗುರುತುಗಳನ್ನು ನೋಡಿಕೊಂಡು ವೈದ್ಯರು ಲೋರಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಶಾಮಕ ಔಷಧದ ಪ್ರಮಾಣವನ್ನು ಏರಿಸಿ, ಅನಂತರ ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಸಾಮಾನ್ಯವಾಗಿ ಇಂಜೆಕ್ಷನ್ ಮೂಲಕ ಕೊಡಲಾಗುತ್ತದೆ. ಊಟ ಬಿಟ್ಟು ಕುಡಿದವರ ದೇಹದಲ್ಲಿ ಈ ಜೀವಸತ್ವ ಬರಿದಾಗಿರುವುದರಿಂದ, ಅದನ್ನು ಕೊಡದೆ ಬರಿಯ ಗ್ಲೂಕೋಸ್ ಡ್ರಿಪ್ ಏರಿಸಿದರೆ ವೆರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ಹಾನಿ ಕಾಣಿಸಿಕೊಳ್ಳಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಡ್ರಿಪ್ ಹಾಕಿದ್ದನ್ನು ಕಂಡು ಮನೆಯವರಿಗೆ ದೊಡ್ಡ ಚಿಕಿತ್ಸೆ ನಡೆದಂತೆ ತೋರುತ್ತದೆ, ಬಿಲ್ಲಿನಲ್ಲಿಯೂ ಅದು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಜೀವ ಉಳಿಸುವುದು ಅಗ್ಗದ ಬೆಲೆಯ ಆ ಜೀವಸತ್ವ ಮತ್ತು ರಾತ್ರಿಯಿಡೀ ಎಚ್ಚರವಿರುವ ನರ್ಸ್. ಆದ್ದರಿಂದ ಕೇಂದ್ರವನ್ನು ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಕೊಠಡಿಗೆ ಎಸಿ ಇದೆಯೇ ಎಂಬುದಲ್ಲ. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ನೋಡುವವರು ಯಾರು, ಅವರ ವಿದ್ಯಾರ್ಹತೆ ಏನು, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದು.

ಹೆರಾಯಿನ್ ಮತ್ತು ಅಫೀಮು ವರ್ಗದ ನೋವುನಿವಾರಕಗಳ ವಿಷಯದಲ್ಲಿ ಅಪಾಯ ಕೊನೆಯಲ್ಲಿ ಕಾದಿರುತ್ತದೆ. ಕೆಲವು ವಾರ ಔಷಧವಿಲ್ಲದೆ ಒಳಗಿದ್ದ ದೇಹವು ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೊರಬಂದ ದಿನ ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದಕ್ಕಾಗಿಯೇ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಪದ್ಧತಿಯಿದ್ದು, ಇವೆರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಪಂಜಾಬ್ ಸರ್ಕಾರವು 2017ರಿಂದ ಹೊರರೋಗಿ ಕ್ಲಿನಿಕ್ಕುಗಳಲ್ಲಿ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ಇಂಥ ಔಷಧವನ್ನು ‘ಒಂದು ಚಟ ಬಿಡಿಸಲು ಇನ್ನೊಂದು ಚಟ’ ಎಂದು ತಳ್ಳಿಹಾಕಿ, ಆರು ತಿಂಗಳ ವಾಸವನ್ನು ಮಾತ್ರ ಸೂಚಿಸುವ ಕೇಂದ್ರದಿಂದ ದೂರವಿರುವುದು ಒಳಿತು.

ಒಪ್ಪಿಗೆಯಿಲ್ಲದ ದಾಖಲಾತಿ

ಕುಟುಂಬಗಳು ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ರೋಗಿ ಬರಲು ಒಪ್ಪದಿದ್ದರೆ ರಾತ್ರಿಯಲ್ಲಿ ಐದಾರು ಜನರನ್ನು ವಾಹನದೊಂದಿಗೆ ಕಳುಹಿಸಿ ಎತ್ತಿಕೊಂಡು ಹೋಗುವ ‘ಪಿಕಪ್’ ಸೇವೆಯನ್ನು ಪ್ರತ್ಯೇಕ ಶುಲ್ಕ ಪಡೆದು ಒದಗಿಸುವ ಕೇಂದ್ರಗಳಿವೆ. ಮನೆಯವರು ಸಹಿ ಹಾಕಿದರೆ ಎಲ್ಲವೂ ಕಾನೂನುಬದ್ಧವೆಂದು ಅಲ್ಲಿ ನಂಬಿಸಲಾಗುತ್ತದೆ. ಇದು ಸುಳ್ಳು.

ಸಂಸತ್ತು 2017ರಲ್ಲಿ ಅಂಗೀಕರಿಸಿದ, 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹೀಗಾಗಿ ಇಂಥ ರೋಗಿಗಳನ್ನು ಒಳಗಿರಿಸಿಕೊಳ್ಳುವ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ದಾಖಲಾತಿಗೆ ಈ ಕಾಯ್ದೆಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ರೋಗಿ ತಾನಾಗಿಯೇ ಬಂದು ಸೇರುವುದು ಸ್ವತಂತ್ರ ದಾಖಲಾತಿ. ಹೀಗೆ ಸೇರಿದವರು ಬಿಡುಗಡೆ ಕೇಳಿದರೆ ಕಳುಹಿಸಲೇಬೇಕು, ಮನೋವೈದ್ಯರಿಗೆ ಗಂಭೀರ ಅಪಾಯ ಕಂಡಾಗ ಮಾತ್ರ ಮರುಪರೀಕ್ಷೆಗಾಗಿ 24 ಗಂಟೆಗಳವರೆಗೆ ತಡೆಹಿಡಿಯಬಹುದು. ಎರಡನೆಯದು ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಸಾಮಾನ್ಯವಾಗಿ ಹತ್ತಿರದ ಬಂಧುವಿನ ಅರ್ಜಿಯ ಮೇಲೆ ನಡೆಯುವ ಬೆಂಬಲಿತ ದಾಖಲಾತಿ. ಇದಕ್ಕೆ ಬಂಧುವಿನ ಸಹಿ ಸಾಲದು: ಒಬ್ಬ ಮನೋವೈದ್ಯರೂ ಇನ್ನೊಬ್ಬ ಅರ್ಹ ತಜ್ಞರೂ ದಾಖಲಾತಿಯ ದಿನ ಅಥವಾ ಅದಕ್ಕೂ ಹಿಂದಿನ ಏಳು ದಿನಗಳಲ್ಲಿ ರೋಗಿಯನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ಆತ ತನಗೆ ಅಥವಾ ಇತರರಿಗೆ ಹಾನಿ ಮಾಡುವ ಅಥವಾ ತನ್ನ ಆರೈಕೆಯನ್ನೇ ಮಾಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದಾನೆಂದು ಒಪ್ಪಬೇಕು. ಅವಧಿ ಹೆಚ್ಚೆಂದರೆ 30 ದಿನ. ದಾಖಲಾತಿಯ ವಿಷಯವನ್ನು ಏಳು ದಿನಗಳೊಳಗೆ, ರೋಗಿ ಮಹಿಳೆ ಅಥವಾ ಅಪ್ರಾಪ್ತ ವಯಸ್ಕರಾಗಿದ್ದರೆ ಮೂರು ದಿನಗಳೊಳಗೆ, ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ನ್ಯಾಯಾಧೀಶರ ಅಧ್ಯಕ್ಷತೆಯ ಈ ಮಂಡಳಿಯ ಅನುಮತಿಯಿಲ್ಲದೆ ಮೂವತ್ತು ದಿನಗಳಾಚೆಗೆ ಮುಂದುವರಿಸುವಂತಿಲ್ಲ.

ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಲ್ಲದ ರೋಗಿಗೆ ಮೊದಲ ದಿನವೇ ಮೂರು ತಿಂಗಳ ಶುಲ್ಕ ಕಟ್ಟಿಸಿಕೊಳ್ಳುವ ಕೇಂದ್ರವು ಕಾಯ್ದೆಯನ್ನು ಓದಿಯೇ ಇಲ್ಲ, ಅಥವಾ ಓದಿಯೂ ಲೆಕ್ಕಿಸಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅದೇ ಕಾಯ್ದೆಯು ಸರಪಳಿ ಹಾಕುವುದನ್ನೂ ಒಂಟಿ ಕೋಣೆಯಲ್ಲಿ ಕೂಡಿಡುವುದನ್ನೂ ನಿಷೇಧಿಸುತ್ತದೆ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬಲವಂತದ ದುಡಿಮೆಗೆ ಹಚ್ಚುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ‘ಶಿಸ್ತು’, ‘ಶ್ರಮ ಚಿಕಿತ್ಸೆ’ ಎಂಬ ಹೆಸರಿನಲ್ಲಿ ಅಡುಗೆ, ಕಸಗುಡಿಸುವಿಕೆ, ಶೌಚಾಲಯದ ಸ್ವಚ್ಛತೆ ಎಲ್ಲವನ್ನೂ ರೋಗಿಗಳಿಂದಲೇ ಮಾಡಿಸಿ ಸಿಬ್ಬಂದಿಯ ಸಂಬಳ ಉಳಿಸುವ ಕೇಂದ್ರಗಳು ರೋಗಿಗಳಿಂದ ಎರಡು ಬಾರಿ ವಸೂಲು ಮಾಡುತ್ತಿವೆ: ಒಮ್ಮೆ ಶುಲ್ಕದಲ್ಲಿ, ಇನ್ನೊಮ್ಮೆ ಬೆವರಿನಲ್ಲಿ. ‘ಮೊದಲ ತಿಂಗಳು ಭೇಟಿಯಿಲ್ಲ, ಫೋನೂ ಇಲ್ಲ’ ಎಂಬ ನಿಬಂಧನೆಯನ್ನೂ ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ಸಂಸ್ಥೆಗಳು ಭೇಟಿಯ ಬಗ್ಗೆ ತಮ್ಮದೇ ನಿಯಮಗಳನ್ನು ಇಟ್ಟುಕೊಳ್ಳಬಹುದಾದರೂ, ನಾಮನಿರ್ದೇಶಿತ ಪ್ರತಿನಿಧಿಯನ್ನೂ ವಕೀಲರನ್ನೂ ತಡೆಯಲು ಅವಕ್ಕೆ ಅಧಿಕಾರವಿಲ್ಲ.

ಗೋಡೆಯ ಮೇಲಿನ ಪತ್ರಗಳು, ಕೈಗೆ ಬರುವ ಬಿಲ್ಲು

ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಪತ್ರಗಳನ್ನು ಹತ್ತಿರ ಹೋಗಿ ಓದಬೇಕು. ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರವು ಆ ಸಂಸ್ಥೆ ಅಸ್ತಿತ್ವದಲ್ಲಿದೆ ಎಂಬುದಕ್ಕಷ್ಟೇ ಸಾಕ್ಷಿ. ಐಎಸ್‌ಒ ಪತ್ರವು ಸಂಸ್ಥೆಯ ಆಡಳಿತ ನಿರ್ವಹಣೆಯ ಪದ್ಧತಿಗೆ ಸಂಬಂಧಿಸಿದ್ದು. ಗಣ್ಯರೊಬ್ಬರು ಉದ್ಘಾಟಿಸಿದ ಫೋಟೊ ಯಾವುದಕ್ಕೂ ಸಾಕ್ಷಿಯಲ್ಲ. ಇವುಗಳಲ್ಲಿ ಒಂದೂ ಚಿಕಿತ್ಸೆ ನೀಡುವ ಪರವಾನಗಿಯಾಗದು. ಕೇಳಬೇಕಾದ್ದು ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು. ವೈದ್ಯಕೀಯ ಚಿಕಿತ್ಸೆ ನೀಡುವ ಖಾಸಗಿ ಆಸ್ಪತ್ರೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯ ನೋಂದಣಿಯೂ ಇರಬೇಕು, ದರಪಟ್ಟಿಯನ್ನು ಸಾರ್ವಜನಿಕರಿಗೆ ತೋರಿಸಬೇಕು. ಲಾಭರಹಿತ ಎಂದು ಹೇಳಿಕೊಂಡ ಮಾತ್ರಕ್ಕೆ ಸಂಸ್ಥೆ ಒಳ್ಳೆಯದಾಗುವುದಿಲ್ಲ, ಲಾಭಕ್ಕಾಗಿ ನಡೆಯುವ ಆಸ್ಪತ್ರೆ ಕೆಟ್ಟದ್ದೂ ಆಗಬೇಕಾಗಿಲ್ಲ. ಹೆಸರುಪಟ್ಟಿಯಲ್ಲಿರುವ ಮನೋವೈದ್ಯರು ವಾರಕ್ಕೆ ಎಷ್ಟು ಬಾರಿ ಬರುತ್ತಾರೆ, ಬಂದಾಗ ಎಷ್ಟು ರೋಗಿಗಳನ್ನು ನೋಡುತ್ತಾರೆ ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ತಿಳಿಸುತ್ತದೆ. ವ್ಯಸನದಿಂದ ಹೊರಬಂದು ಈಗ ಸಿಬ್ಬಂದಿಯಾಗಿ ದುಡಿಯುತ್ತಿರುವವರ ಅನುಭವಕ್ಕೆ ಬಹಳ ಬೆಲೆಯಿದೆ, ರೋಗಿಗಳು ಅವರ ಮಾತನ್ನು ನಂಬುತ್ತಾರೆ. ಆದರೆ ಅವರು ವೈದ್ಯರ ಜಾಗದಲ್ಲಿ ಕೂರುವಂತಿಲ್ಲ.

ಹಣದ ಮಾತು ಬಂದಾಗ ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಶುಲ್ಕದಲ್ಲಿ ಔಷಧ, ರಕ್ತಪರೀಕ್ಷೆ, ಆಪ್ತಸಮಾಲೋಚನೆ ಸೇರಿವೆಯೇ, ನಡುವೆ ಬಿಡುಗಡೆಯಾದರೆ ಉಳಿದ ದಿನಗಳ ಹಣ ಮರಳಿ ಬರುತ್ತದೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು. ಹಣ ಮರಳಿಸದ ಕೇಂದ್ರಕ್ಕೆ ರೋಗಿ ಬೇಗ ಚೇತರಿಸಿಕೊಳ್ಳುವುದರಿಂದ ಯಾವ ಲಾಭವೂ ಇಲ್ಲವೆಂಬುದನ್ನು ಗಮನಿಸಬೇಕು. ದಿನಕ್ಕೊಂದರಂತೆ ಬರೆದ ‘ಟಾನಿಕ್’, ‘ಡಿಟಾಕ್ಸ್ ಡ್ರಿಪ್’ಗಳಿಗೆ ಕಾರಣ ಕೇಳುವುದು ತಪ್ಪಲ್ಲ. ‘ಶೇಕಡಾ 95 ಯಶಸ್ಸು’ ಎಂಬ ಹೇಳಿಕೆಯನ್ನು ಕೂಡಲೇ ಬದಿಗಿಡಬೇಕು: ವ್ಯಸನವು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಮರುಕಳಿಸುವ ಸ್ವಭಾವದ ದೀರ್ಘಕಾಲೀನ ಕಾಯಿಲೆಯಾಗಿದ್ದು, ಬಿಡುಗಡೆಯ ದಿನ ಕುಡಿಯದೆ ಇದ್ದವರನ್ನೆಲ್ಲ ಗುಣವಾದವರೆಂದು ಎಣಿಸಿದರೆ ಯಾವ ಕೇಂದ್ರವಾದರೂ ಅಂಥ ಅಂಕಿ ತೋರಿಸಬಹುದು. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಜಾಹೀರಾತು ಇನ್ನೂ ಅಪಾಯಕಾರಿ. ಡೈಸಲ್ಫಿರಾಮ್ ಎಂಬ ಔಷಧ ಸೇವಿಸಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯಬಹುದು. ತಿಳಿದು ಒಪ್ಪಿದವರಿಗೆ ವೈದ್ಯರು ಎಚ್ಚರಿಕೆಯಿಂದ ಕೊಡುವ ಈ ಮಾತ್ರೆಯನ್ನು ಸಾರಿನಲ್ಲಿ ಕದ್ದು ಬೆರೆಸಿದರೆ, ಹೃದಯದ ತೊಂದರೆಯಿದ್ದವರ ಪ್ರಾಣಕ್ಕೇ ಎರವಾಗಬಹುದು.

ಹಾಸಿಗೆಯೇ ಬೇಕೆಂದಿಲ್ಲ

ಮದ್ಯಾವಲಂಬನೆಯ ಅನೇಕ ರೋಗಿಗಳಿಗೆ ಹೊರರೋಗಿಯಾಗಿಯೇ ಚಿಕಿತ್ಸೆ ಸಾಧ್ಯವಿದೆ. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಯಕೃತ್ತು ಕೆಟ್ಟವರು, ಆತ್ಮಹತ್ಯೆಯ ಮಾತಾಡುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಆಸ್ಪತ್ರೆಗೆ ಸೇರಲೇಬೇಕು. ಹಿಂತೆಗೆತದ ಹಂತ ಮುಗಿದ ಮೇಲೆ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಹಂಬಲ ತಗ್ಗಿಸುವ ಮಾತ್ರೆಗಳೂ ತಿಂಗಳು ತಿಂಗಳ ಭೇಟಿಯೂ ಮಾಡುವ ಕೆಲಸವನ್ನು ಬೀಗ ಹಾಕಿದ ಬಾಗಿಲು ಮಾಡಲಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳು, ಜಿಲ್ಲಾಸ್ಪತ್ರೆಗಳು ಕಡಿಮೆ ಖರ್ಚಿನಲ್ಲಿ ನೋಡುತ್ತವೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿದ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಭೇಟಿಗೆ ವ್ಯವಸ್ಥೆ ಮಾಡಲಾಗಿದೆ. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಉತ್ತರಿಸುತ್ತದೆ, ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ಊರಿನವರನ್ನೇ ಸೇರಿಸಿಕೊಂಡು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಹೆಚ್ಚುಗಾರಿಕೆಯಿರುವುದು ಶಿಬಿರದ ನಂತರದ ವ್ಯವಸ್ಥೆಯಲ್ಲಿ; ಕುಡಿತ ಬಿಟ್ಟವರೇ ಸೇರಿ ಕಟ್ಟಿಕೊಳ್ಳುವ ನವಜೀವನ ಸಮಿತಿಗಳು ಊರಿನಲ್ಲಿಯೇ ಉಳಿದು ಕೈಹಿಡಿಯುತ್ತವೆ. ಫಿಟ್ಸ್‌ನ ಇತಿಹಾಸವಿರುವವರನ್ನು ಮಾತ್ರ ಶಿಬಿರಕ್ಕೆ ಮುನ್ನ ವೈದ್ಯರಿಗೆ ತೋರಿಸಿಯೇ ಸೇರಿಸಬೇಕು. 1935ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಇಂದು ಕರ್ನಾಟಕದಲ್ಲಿಯೂ ಸಭೆಗಳನ್ನು ನಡೆಸುತ್ತಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಶುಲ್ಕ ಪಡೆಯುವುದಿಲ್ಲ, ಹೊರಗಿನವರ ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ಮನೆಯವರಿಗಾಗಿ ಅದರ ಜೊತೆಜೊತೆಗೆ ಬೆಳೆದ ಅಲ್-ಅನಾನ್ ಸಭೆಗಳಿವೆ. ದುಬಾರಿ ಕೇಂದ್ರವೊಂದನ್ನು ಆರಿಸಿದ್ದರೂ, ಬಿಡುಗಡೆಯಾದ ಮರುದಿನದಿಂದ ಒಂದು ವರ್ಷದವರೆಗೆ ರೋಗಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂದು ಕೇಳಬೇಕು. ಹಣ ತರದ ಆ ವರ್ಷಕ್ಕೆ ಯೋಜನೆ ಇಟ್ಟುಕೊಂಡಿರುವ ಕೇಂದ್ರವೇ ನಂಬಿಕೆಗೆ ಅರ್ಹವಾದದ್ದು.

ಈಗಾಗಲೇ ಸೇರಿಸಿದ ಕಡೆ ಹೊಡೆತ, ಬಂಧನ, ಭೇಟಿಗೆ ನಿರಾಕರಣೆಯಂಥ ಲಕ್ಷಣ ಕಂಡರೆ ಕುಟುಂಬವು ‘ನಾವೇ ಸಹಿ ಹಾಕಿದ್ದೇವಲ್ಲ’ ಎಂದು ಅಳುಕಬೇಕಾಗಿಲ್ಲ. ಜೀವಕ್ಕೆ ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ ಪೊಲೀಸರ ನೆರವು ಪಡೆಯಬೇಕು. ಕೇಂದ್ರವು ರೋಗಿಯನ್ನು ಒಪ್ಪಿಸದಿದ್ದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಬಂಧಿತನನ್ನು ಹಾಜರುಪಡಿಸುವಂತೆ ಕೋರುವ ಅರ್ಜಿಗೆ ಅವಕಾಶವಿದೆ. ಚಿಕಿತ್ಸಾ ದಾಖಲೆಗಳನ್ನು ಪಡೆಯುವುದು ರೋಗಿಯ ಹಕ್ಕು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪು ನೀಡಿರುವುದರಿಂದ, ಸೇವೆಯಲ್ಲಿ ಲೋಪವಾಗಿದ್ದರೆ ಶುಲ್ಕದ ವಾಪಸಾತಿಗೂ ಪರಿಹಾರಕ್ಕೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಉಚಿತ ವಕೀಲರ ನೆರವಿಗೆ ಕಾನೂನು ಸೇವೆಗಳ ಸಹಾಯವಾಣಿ 15100 ಇದೆ. ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡಲು ಶುಲ್ಕವಿಲ್ಲ. ರೋಗಿ, ಆತನ ನಾಮನಿರ್ದೇಶಿತ ಪ್ರತಿನಿಧಿ ಅಥವಾ ಆತನ ಒಪ್ಪಿಗೆ ಪಡೆದ ನೋಂದಾಯಿತ ಸ್ವಯಂಸೇವಾ ಸಂಸ್ಥೆ ಅರ್ಜಿ ಸಲ್ಲಿಸಬಹುದು, ವಿಶೇಷ ಸಂದರ್ಭಗಳಲ್ಲಿ ಬಾಯಿಮಾತಿನಲ್ಲಿ ಅಥವಾ ಫೋನಿನ ಮೂಲಕ ಹೇಳಿದ ದೂರನ್ನೂ ಮಂಡಳಿ ಸ್ವೀಕರಿಸಬಹುದು.